ಇನ್‌ಲೈನ್ ಎಲ್ಲಿ ಬೇಕು, ಎಲ್ಲಿ ಬೇಡ

ಮಾನ್ಯ ಸಂಪಾದಕರೇ,

ಎಂಬೆಡೆಡ್ ಪ್ರೋಗ್ರಾಮಿಂಗ್ ಕಲಿಯುವವರಿಗಾಗಿ ನಿಮ್ಮ ಶಿಕ್ಷಣ ಪುಟದಲ್ಲಿ ಬಂದ ಸಲಹೆಗಳು ಉಪಯುಕ್ತವಾಗಿವೆ. ಒಂದಕ್ಕೆ ಮಾತ್ರ ತಿದ್ದುಪಡಿ ಬೇಕು. ಸಿ ಭಾಷೆಯಲ್ಲಿ ಸಣ್ಣ ಫಂಕ್ಷನ್‌ಗಳಿಗೆಲ್ಲ ‘ಇನ್‌ಲೈನ್’ ಎಂದು ಸೇರಿಸಿದರೆ ಪ್ರೋಗ್ರಾಂ ವೇಗವಾಗುತ್ತದೆ ಎಂದು ಅಲ್ಲಿ ಹೇಳಿದ್ದೀರಿ. ಮೌಖಿಕ ಪರೀಕ್ಷೆಯಾದ ವೈವಾದಲ್ಲೂ ಹೆಚ್ಚಿನ ವಿದ್ಯಾರ್ಥಿಗಳು ಕೊಡುವ ಉತ್ತರ ಇದೇ. ಫಂಕ್ಷನ್ ಎಂದರೆ ಹೆಸರಿಟ್ಟ ಕೋಡ್ ತುಣುಕು; ಅದನ್ನು ಕರೆದಾಗ (ಕಾಲ್) ಪ್ರೊಸೆಸರ್ ಆ ತುಣುಕಿಗೆ ಹಾರಿ, ಮುಗಿದ ಮೇಲೆ ಮರಳುತ್ತದೆ (ರಿಟರ್ನ್). ಇನ್‌ಲೈನ್ ಎಂದರೆ ಹಾಗೆ ಹಾರುವ ಬದಲು ಆ ಕೋಡನ್ನೇ ಕರೆದ ಜಾಗದಲ್ಲಿ ನಕಲಿಸಿ ಸೇರಿಸುವುದು. ನಮ್ಮ ತುಮಕೂರು ಜಿಲ್ಲೆಯಲ್ಲಿ ಇದು ಅಂಕಗಳಿಗಷ್ಟೇ ಸೀಮಿತವಾದ ವಿಷಯವಲ್ಲ. ಗುಬ್ಬಿ, ತಿಪಟೂರು, ಶಿರಾ ಕಡೆಯ ತೋಟಗಳಲ್ಲಿ ಬೋರ್‌ವೆಲ್ ಮೋಟರಿಗೆ ಕೂರಿಸುವ ಆಟೋ ಸ್ಟಾರ್ಟರ್, ಮೊಬೈಲ್ ಸ್ಟಾರ್ಟರ್ ಪೆಟ್ಟಿಗೆಗಳನ್ನು ಬಿಚ್ಚಿ ನೋಡಿದರೆ ಒಳಗೆ ಇರುವುದು ಒಂದು ಸಣ್ಣ ಮೈಕ್ರೋಕಂಟ್ರೋಲರ್, ಅಂದರೆ ಒಂದೇ ಚಿಪ್‌ನಲ್ಲಿರುವ ಪುಟ್ಟ ಕಂಪ್ಯೂಟರ್. ಅದರಲ್ಲಿ ಓಡುವ ಕೋಡ್ ಬಹುತೇಕ ಸಿ ಭಾಷೆಯದೇ. ರಾತ್ರಿ ಮೂರು ಫೇಸ್ ಬಂದಾಗ ಮೋಟರ್ ಹಾಕಬೇಕು, ಒಂದು ಫೇಸ್ ಹೋದರೆ ನಿಲ್ಲಿಸಬೇಕು, ಬೋರ್‌ನಲ್ಲಿ ನೀರು ಕಡಿಮೆಯಾಗಿ ಕರೆಂಟ್ ಇಳಿದರೆ ಡ್ರೈ ರನ್ ಎಂದು ಗುರುತಿಸಿ ಆಫ್ ಮಾಡಬೇಕು. ಇಂಥ ಕೋಡ್ ಬರೆಯಲು ಹೊರಟಿರುವ ಹುಡುಗ ಹುಡುಗಿಯರಿಗೆ ಇನ್‌ಲೈನ್ ಬಗ್ಗೆ ಸರಿಯಾದ ತಿಳಿವಳಿಕೆ ಇರಬೇಕು ಎಂಬ ಕಾಳಜಿಯಿಂದ ಈ ಪತ್ರ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ವೇಗದ ಆಸೆಗೆ ಇನ್‌ಲೈನ್ ಹಾಕುವ ಸಂದರ್ಭ ತೀರ ಕಡಿಮೆ. ಯಂತ್ರದ ಮಟ್ಟದ ಕೋಡ್‌ನಲ್ಲಿ ಅದು ನಿಜವಾಗಿ ಬೇಕಾಗುವುದು ಫಂಕ್ಷನ್ ಕಾಲ್ ನಡೆಯಲೇಬಾರದ ಕಡೆ, ಮತ್ತು ಆರ್ಗ್ಯುಮೆಂಟ್ (ಫಂಕ್ಷನ್‌ಗೆ ಕೊಡುವ ಬೆಲೆ) ಕಂಪೈಲ್ ಆಗುವಾಗಲೇ ಗೊತ್ತಿದ್ದು ಫಂಕ್ಷನ್‌ನ ಬಹುಪಾಲು ಕರಗಿಹೋಗುವ ಕಡೆ. ಉಳಿದದ್ದನ್ನು ಸಿ ಕೋಡನ್ನು ಯಂತ್ರದ ಸೂಚನೆಗಳಾಗಿ ಬದಲಿಸುವ ಕಂಪೈಲರ್‌ಗೆ ಬಿಡುವುದೇ ಒಳ್ಳೆಯದು.

ಇನ್‌ಲೈನ್ ಪದ ಸಿ ಭಾಷೆಯ ಮಾನಕಕ್ಕೆ ಸೇರಿದ್ದು 1999ರಲ್ಲಿ, ಸಿ99ರೊಂದಿಗೆ. ಅದು ಕಂಪೈಲರ್‌ಗೆ ಕೊಡುವ ಸಲಹೆ ಅಷ್ಟೇ, ಆಜ್ಞೆಯಲ್ಲ. ಜಿಸಿಸಿ ಎಂಬ ಕಂಪೈಲರ್‌ನಲ್ಲಿ ‘-ಓ0’ (ಆಪ್ಟಿಮೈಸೇಶನ್, ಅಂದರೆ ಕೋಡ್ ಚುರುಕುಗೊಳಿಸುವ ಕೆಲಸ, ಬೇಡ ಎಂಬ ಆಯ್ಕೆ) ಇಟ್ಟು ಕಂಪೈಲ್ ಮಾಡಿದರೆ ನೀವು ಎಷ್ಟು ಸಲ ಇನ್‌ಲೈನ್ ಎಂದು ಬರೆದಿದ್ದರೂ ಅದು ಕಾಲ್ ಆಗಿಯೇ ಉಳಿಯುತ್ತದೆ. ‘ಆಲ್ವೇಸ್ ಇನ್‌ಲೈನ್’ ಆಟ್ರಿಬ್ಯೂಟ್ ಕೊಟ್ಟಿದ್ದರೆ ಮಾತ್ರ ಒಳಗೆ ಸೇರುತ್ತದೆ. ವೇಗಕ್ಕೆ ಒತ್ತು ಕೊಡುವ ‘-ಓ2’ದಲ್ಲಿ ಇದರ ತದ್ವಿರುದ್ಧ: ಪದವೇ ಇಲ್ಲದ ಸಣ್ಣ ಸ್ಟ್ಯಾಟಿಕ್ (ತನ್ನ ಫೈಲ್‌ಗಷ್ಟೇ ಸೀಮಿತವಾದ) ಫಂಕ್ಷನ್‌ಗಳನ್ನೂ ಕಂಪೈಲರ್ ತಾನಾಗಿ ಒಳಗೆ ಸೇರಿಸುತ್ತದೆ. ಒಂದೇ ಕಡೆಯಿಂದ ಕಾಲ್ ಆಗುವ ಸ್ಟ್ಯಾಟಿಕ್ ಫಂಕ್ಷನ್ ಎಷ್ಟೇ ದೊಡ್ಡದಿದ್ದರೂ ಸಾಮಾನ್ಯವಾಗಿ ಅದೇ ಗತಿ. ಮೈಕ್ರೋಕಂಟ್ರೋಲರ್‌ಗಳಿಗೆ ಹೆಚ್ಚಾಗಿ ಬಳಸುವ ‘-ಓಎಸ್’ನಲ್ಲಿ ಕೋಡ್ ಗಾತ್ರ ಹೆಚ್ಚುವುದಿಲ್ಲ ಎನಿಸಿದರಷ್ಟೇ ಸೇರಿಸುತ್ತದೆ.

ವೇಗದ ಲೆಕ್ಕವನ್ನೇ ಮಾಡಿ ನೋಡೋಣ. ಮೋಟರಿನ ಒಂದು ಫೇಸ್‌ನ ಕರೆಂಟ್ ಅಳೆಯಲು 20 ಮಿಲಿಸೆಕೆಂಡಿಗೆ, ಅಂದರೆ 50 ಹರ್ಟ್ಸ್‌ನ ಒಂದು ಸುತ್ತಿಗೆ, 64 ಸ್ಯಾಂಪಲ್ ತೆಗೆಯುತ್ತೀರಿ ಎಂದುಕೊಳ್ಳಿ. ಎರಡು ಸ್ಯಾಂಪಲ್ ನಡುವೆ 312.5 ಮೈಕ್ರೋಸೆಕೆಂಡ್ ಸಿಗುತ್ತದೆ. 16 ಮೆಗಾಹರ್ಟ್ಸ್‌ನಲ್ಲಿ ಓಡುವ ಎಟಿಮೆಗಾ328ಪಿ ಚಿಪ್‌ಗೆ ಅದು 5000 ಕ್ಲಾಕ್, ಅಂದರೆ ಅದರ ಗಡಿಯಾರದ 5000 ಬಡಿತ. ಕಾಲ್‌ಗೆ 4 ಕ್ಲಾಕ್, ರಿಟರ್ನ್‌ಗೆ 4, ಒಟ್ಟು 8. ಇಡೀ ಸಮಯದ ಶೇ 0.16. ವೋಲ್ಟೇಜನ್ನು ಅಂಕಿಯಾಗಿ ಬದಲಿಸುವ ಎಡಿಸಿ ಒಂದು ಪರಿವರ್ತನೆ ಮುಗಿಸಲಿಕ್ಕೇ, ಅದರ ಕ್ಲಾಕ್ 125 ಕಿಲೋಹರ್ಟ್ಸ್ ಇದ್ದಾಗ, 104 ಮೈಕ್ರೋಸೆಕೆಂಡ್ ಹಿಡಿಯುತ್ತದೆ. ಇಲ್ಲಿ 8 ಕ್ಲಾಕ್ ಉಳಿಸಿ ಏನೂ ಸಿಗುವುದಿಲ್ಲ.

ಅದೇ ಚಿಪ್‌ಗೆ ಡಬ್ಲ್ಯುಎಸ್2812 ಎಲ್‌ಇಡಿ ಸರ (ಬಣ್ಣದ ಮಾಹಿತಿಯನ್ನು ಒಂದೇ ಪಿನ್‌ನಿಂದ ಬಿಟ್ ಬಿಟ್ಟಾಗಿ ಪಡೆಯುವ ದೀಪಗಳು) ಜೋಡಿಸಿದರೆ ಲೆಕ್ಕ ಬೇರೆಯಾಗುತ್ತದೆ. ಒಂದು ಬಿಟ್‌ಗೆ 1.25 ಮೈಕ್ರೋಸೆಕೆಂಡ್, ಅಂದರೆ 20 ಕ್ಲಾಕ್. ಸೊನ್ನೆ ಕಳಿಸುವಾಗ ಪಿನ್ ಹೈ ಇರಬೇಕಾದ್ದು ಸುಮಾರು 0.4 ಮೈಕ್ರೋಸೆಕೆಂಡ್, 6 ಕ್ಲಾಕ್ ಮಾತ್ರ. ಒಂದು ಕಾಲ್ ಮತ್ತು ರಿಟರ್ನ್‌ಗೆ ಬೇಕಾಗುವುದಕ್ಕಿಂತ ಕಡಿಮೆ. ಪಿನ್ ಮೇಲೆ ಕೆಳಗೆ ಮಾಡುವ ಕೆಲಸ ಇಲ್ಲಿ ಫಂಕ್ಷನ್ ಕಾಲ್ ಮೂಲಕ ನಡೆದರೆ ಬಣ್ಣಗಳೇ ತಪ್ಪುತ್ತವೆ. ಹಾಗಾಗಿ ‘ಇನ್‌ಲೈನ್ ಹಾಕಿದರೆ ವೇಗವೇ?’ ಎಂದು ಕೇಳುವ ಮೊದಲು ‘ನನ್ನ ಹತ್ತಿರ ಎಷ್ಟು ಕ್ಲಾಕ್ ಇದೆ?’ ಎಂದು ಕೇಳುವುದನ್ನು ಕಲಿಸಬೇಕು.

ಇನ್‌ಲೈನ್‌ನಿಂದ ದೊಡ್ಡ ಲಾಭ ಸಿಗುವುದು ಕಾನ್‌ಸ್ಟಂಟ್ ಆರ್ಗ್ಯುಮೆಂಟ್ ಇದ್ದಾಗ. ಪೋರ್ಟ್ ಮತ್ತು ಪಿನ್ ಸಂಖ್ಯೆ ತೆಗೆದುಕೊಂಡು, ಒಳಗೆ ಸ್ವಿಚ್ (ಬೆಲೆ ನೋಡಿ ದಾರಿ ಆರಿಸುವ ಕೋಡ್ ಸಾಲುಗಳು) ಇಟ್ಟು, ಸರಿಯಾದ ರಿಜಿಸ್ಟರ್‌ನಲ್ಲಿ (ಚಿಪ್ ಒಳಗಿನ ಪುಟ್ಟ ಶೇಖರಣಾ ಜಾಗ) ಒಂದು ಬಿಟ್ ಏರಿಸುವ ಫಂಕ್ಷನ್ ಇದೆ ಎನ್ನಿ. ರಿಲೇ ಯಾವಾಗಲೂ ಬಿ ಪೋರ್ಟ್‌ನ 2ನೇ ಪಿನ್ನೇ. ಫಂಕ್ಷನ್ ಒಳಗೆ ಸೇರಿಕೊಂಡರೆ ಸ್ವಿಚ್ ಪೂರ್ತಿ ಮಾಯವಾಗಿ ‘ಎಸ್‌ಬಿಐ’ ಎಂಬ ಒಂದೇ ಸೂಚನೆ ಉಳಿಯುತ್ತದೆ. ಅದರ ಗಾತ್ರ 2 ಬೈಟ್, ಸಮಯ 2 ಕ್ಲಾಕ್. ಕಾಲ್ ಸೂಚನೆಗೇ 4 ಬೈಟ್ ಬೇಕು. ಇಲ್ಲಿ ವೇಗವೂ ಹೆಚ್ಚು, ಕೋಡ್ ಗಾತ್ರವೂ ಕಡಿಮೆ. ಪಿನ್ ಸಂಖ್ಯೆ ಈಈಪ್ರಾಮ್ ಮೆಮೊರಿಯಿಂದಲೋ ಒಂದು ಅರೇಯಿಂದಲೋ ಬರುವಂತಿದ್ದರೆ ಕಂಪೈಲರ್‌ಗೆ ಏನೂ ಗೊತ್ತಿರುವುದಿಲ್ಲ. ಆಗ ಇಡೀ ಸ್ವಿಚ್ ಪ್ರತಿ ಕಡೆಯೂ ನಕಲಾಗುತ್ತದೆ. 60 ಬೈಟ್‌ನ ಫಂಕ್ಷನ್ 40 ಕಡೆ ನಕಲಾದರೆ 2400 ಬೈಟ್. ಕಾಲ್ ಆಗಿ ಬಿಟ್ಟಿದ್ದರೆ ಫಂಕ್ಷನ್‌ಗೆ 60, ಕಾಲ್‌ಗಳಿಗೆ 160, ಒಟ್ಟು 220 ಬೈಟ್, ಜೊತೆಗೆ ಆರ್ಗ್ಯುಮೆಂಟ್ ತುಂಬುವ ಸೂಚನೆಗಳು. ಕೋಡ್ ಕೂರುವ 32 ಕಿಲೋಬೈಟ್ ಫ್ಲ್ಯಾಶ್ ಮೆಮೊರಿಯಲ್ಲಿ ಇದು ಗಮನಿಸಬೇಕಾದ ವ್ಯತ್ಯಾಸ.

ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನೆಲ್ ಬರೆಯುವವರು ಪಾಲಿಸುವ ನಿಯಮವೂ ಇದೇ ದಾರಿಯಲ್ಲಿದೆ: ಮೂರು ಸಾಲಿಗಿಂತ ದೊಡ್ಡ ಫಂಕ್ಷನ್‌ಗೆ ಇನ್‌ಲೈನ್ ಬೇಡ, ಆರ್ಗ್ಯುಮೆಂಟ್ ಕಂಪೈಲ್ ಸಮಯದಲ್ಲೇ ಗೊತ್ತಿದ್ದು ಬಹುಪಾಲು ಕರಗುವುದಾದರೆ ಅದಕ್ಕೆ ವಿನಾಯಿತಿ. ಅಷ್ಟು ದೊಡ್ಡ ಮೆಮೊರಿ ಇರುವ ಯಂತ್ರಗಳಿಗೆ ಕೋಡ್ ಬರೆಯುವವರೇ ಇಷ್ಟು ಬಿಗಿ ಹಿಡಿಯುತ್ತಾರೆಂದರೆ, 2 ಕಿಲೋಬೈಟ್ ರ‍್ಯಾಮ್‌ನಲ್ಲಿ ಕೆಲಸ ಮಾಡುವ ನಾವು ಇನ್ನೂ ಬಿಗಿ ಹಿಡಿಯಬೇಕು.

ಇಂಟರಪ್ಟ್ ಹ್ಯಾಂಡ್ಲರ್ (ನಡೆಯುತ್ತಿರುವ ಕೆಲಸ ತಡೆದು ತುರ್ತು ಘಟನೆಗೆ ಓಡುವ ಫಂಕ್ಷನ್) ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಎವಿಆರ್ ಚಿಪ್‌ಗಳಲ್ಲಿ (ಎಟಿಮೆಗಾ328ಪಿ ಈ ಜಾತಿಯದೇ) ಬೇರೆ ಫೈಲ್‌ನ ಒಂದು ಫಂಕ್ಷನ್‌ಗೆ ಮಾಡುವ ಕಾಲ್ 8 ಕ್ಲಾಕ್‌ಗೆ ಮುಗಿಯುವುದಿಲ್ಲ. ಹ್ಯಾಂಡ್ಲರ್ ಒಳಗಿಂದ ಅಂಥ ಫಂಕ್ಷನ್ ಕರೆದಾಗ, ಅದು ಯಾವ ರಿಜಿಸ್ಟರ್ ಮುಟ್ಟುತ್ತದೆ ಎಂದು ಕಂಪೈಲರ್‌ಗೆ ತಿಳಿಯುವುದಿಲ್ಲ. ಕಾಲ್ ಆದ ಫಂಕ್ಷನ್ ಕೆಡಿಸಬಹುದಾದ ರಿಜಿಸ್ಟರ್‌ಗಳನ್ನೆಲ್ಲ, ಅಂದರೆ ಆರ್18ರಿಂದ ಆರ್27ರವರೆಗೆ, ಜೊತೆಗೆ ಆರ್30, ಆರ್31, ಒಟ್ಟು 12ನ್ನು, ಅದು ಸ್ಟ್ಯಾಕ್ ಎಂಬ ತಾತ್ಕಾಲಿಕ ಮೆಮೊರಿಗೆ ಪುಶ್ ಮಾಡಿ (ಎತ್ತಿಟ್ಟು) ಕೊನೆಯಲ್ಲಿ ಪಾಪ್ ಮಾಡುತ್ತದೆ (ಮರಳಿ ತರುತ್ತದೆ). ಪುಶ್‌ಗೆ 2 ಕ್ಲಾಕ್, ಪಾಪ್‌ಗೆ 2. ಹನ್ನೆರಡಕ್ಕೆ 48 ಕ್ಲಾಕ್, 16 ಮೆಗಾಹರ್ಟ್ಸ್‌ನಲ್ಲಿ 3 ಮೈಕ್ರೋಸೆಕೆಂಡ್. ಸ್ಟೇಟಸ್ ರಿಜಿಸ್ಟರ್ ಉಳಿಸುವ ಖರ್ಚು ಇದರ ಮೇಲೆ. ಒಂದು ಕೌಂಟರ್ ಏರಿಸುವ ಸಾಲಿಗೆ ಇಷ್ಟೊಂದು. ಅದೇ ಸಾಲು ‘ಸ್ಟ್ಯಾಟಿಕ್ ಇನ್‌ಲೈನ್’ ಆಗಿ ಹಲವು ಫೈಲ್‌ಗಳು ಹಂಚಿಕೊಳ್ಳುವ ಹೆಡರ್ ಫೈಲ್‌ನಲ್ಲಿದ್ದು ಹ್ಯಾಂಡ್ಲರ್ ಒಳಗೆ ಸೇರಿಕೊಂಡರೆ ಮುಟ್ಟಿದ ಒಂದೆರಡು ರಿಜಿಸ್ಟರ್ ಮಾತ್ರ ಉಳಿಸಿದರೆ ಸಾಕು. ಎವಿಆರ್ ಇಂಟರಪ್ಟ್‌ನಲ್ಲಿ ಇನ್‌ಲೈನ್ ಬಳಕೆಗೆ ಇದು ಗಟ್ಟಿ ಕಾರಣ.

ಆದರೆ ಈ ಅಭ್ಯಾಸವನ್ನು ಹಾಗೇ ಆರ್ಮ್ ಕಂಪನಿಯ ವಿನ್ಯಾಸದ ಕಾರ್ಟೆಕ್ಸ್-ಎಂ ಚಿಪ್‌ಗಳಿಗೆ ಕೊಂಡೊಯ್ಯಬೇಡಿ. ಅಲ್ಲಿ ಇಂಟರಪ್ಟ್ ಬಂದ ಕೂಡಲೇ ಹಾರ್ಡ್‌ವೇರ್ ತಾನೇ 8 ರಿಜಿಸ್ಟರ್‌ಗಳನ್ನು ಸ್ಟ್ಯಾಕ್‌ಗೆ ಹಾಕುತ್ತದೆ. ಕಾಲ್ ಕೆಡಿಸಬಹುದಾದ ರಿಜಿಸ್ಟರ್‌ಗಳು ಅದರಲ್ಲೇ ಸೇರಿರುವುದರಿಂದ ಮೇಲೆ ಹೇಳಿದ ಖರ್ಚು ಅಲ್ಲಿ ಬರುವುದಿಲ್ಲ.

ಇನ್ನು ಕಾಲ್ ನಡೆಯಲೇಬಾರದ ಜಾಗಗಳು. ಫೀಲ್ಡ್‌ನಲ್ಲಿರುವ ಪೆಟ್ಟಿಗೆಗೆ ಹೊಸ ಫರ್ಮ್‌ವೇರ್ ತುಂಬುವಾಗ ಫ್ಲ್ಯಾಶ್ ಅಳಿಸಿ ಬರೆಯಬೇಕು. ಕಾರ್ಟೆಕ್ಸ್-ಎಂ ಜಾತಿಯ ಎಸ್‌ಟಿಎಂ32ಎಫ್103 ಚಿಪ್‌ನಲ್ಲಿ ಒಂದು ಪೇಜ್ ಅಳಿಸಲು 20ರಿಂದ 40 ಮಿಲಿಸೆಕೆಂಡ್ ಆಗುತ್ತದೆ. ಅಷ್ಟು ಹೊತ್ತು ಫ್ಲ್ಯಾಶ್‌ನಿಂದ ಕೋಡ್ ಓದಲು ಹೋದರೆ ಪ್ರೊಸೆಸರ್ ಕಾದು ನಿಲ್ಲುತ್ತದೆ. ಅದಕ್ಕೇ ತುರ್ತು ಕೆಲಸದ ಫಂಕ್ಷನ್‌ಗಳನ್ನು ರ‍್ಯಾಮ್‌ನಲ್ಲಿ ಇಡುತ್ತಾರೆ. ಆ ಫಂಕ್ಷನ್ ತನ್ನೊಳಗಿಂದ ಕರೆಯುವ ಸಣ್ಣ ಸಹಾಯಕ ಫಂಕ್ಷನ್ ಎಲ್ಲಿದೆ ಎಂದು ಮಾತ್ರ ಹಲವರು ನೋಡುವುದಿಲ್ಲ. ಬರೀ ‘ಸ್ಟ್ಯಾಟಿಕ್ ಇನ್‌ಲೈನ್’ ಎಂದು ಬರೆದಿದ್ದರೆ ‘-ಓ2’ದಲ್ಲಿ ಅದು ರ‍್ಯಾಮ್ ಫಂಕ್ಷನ್ ಒಳಗೇ ಸೇರಿ ಎಲ್ಲ ಸರಿ ನಡೆಯುತ್ತದೆ. ತಪ್ಪು ಹುಡುಕಲು ‘-ಓ0’ದಲ್ಲಿ ಮಾಡುವ ಡೀಬಗ್ ಬಿಲ್ಡ್‌ನಲ್ಲಿ ಅದು ಬೇರೆ ಫಂಕ್ಷನ್ ಆಗಿ ಫ್ಲ್ಯಾಶ್‌ಗೆ ಹೋಗಿ ಕೂರುತ್ತದೆ. ಇಎಸ್‌ಪಿ32 ಚಿಪ್‌ನಲ್ಲಿ ಪರಿಣಾಮ ಇನ್ನೂ ಕಠಿಣ: ಫ್ಲ್ಯಾಶ್ ಬರೆಯುವಾಗ ಅದರಿಂದ ಕೋಡ್ ಓದುವ ದಾರಿಯಾದ ಕ್ಯಾಶ್ ಬಂದ್ ಆಗಿರುತ್ತದೆ, ಆಗ ಇಂಟರಪ್ಟ್ ಹ್ಯಾಂಡ್ಲರ್ ಫ್ಲ್ಯಾಶ್‌ನಲ್ಲಿರುವ ಫಂಕ್ಷನ್ ಮುಟ್ಟಿದರೆ ಚಿಪ್ ಪ್ಯಾನಿಕ್ ಆಗಿ ರೀಸೆಟ್ ಆಗುತ್ತದೆ. ಇಂಥ ಕಡೆ ‘ಆಲ್ವೇಸ್ ಇನ್‌ಲೈನ್’ ಕಡ್ಡಾಯ, ಇಲ್ಲವೇ ಸಹಾಯಕ ಫಂಕ್ಷನ್‌ಗೂ ರ‍್ಯಾಮ್ ಸೆಕ್ಷನ್ ಕೊಡಬೇಕು. ನಂತರ ಯಾವ ಫಂಕ್ಷನ್ ಎಲ್ಲಿ ಕೂತಿದೆ ಎಂದು ತೋರಿಸುವ ಮ್ಯಾಪ್ ಫೈಲ್ ತೆಗೆದು ಅದರ ವಿಳಾಸ ರ‍್ಯಾಮ್‌ನದ್ದೇ ಎಂದು ಕಣ್ಣಾರೆ ನೋಡಬೇಕು. ಹ್ಯಾಂಡ್ಲರ್‌ನಲ್ಲಿ ದೊಡ್ಡ ಸ್ವಿಚ್ ಇದ್ದರೆ ಅದರ ಜಂಪ್ ಟೇಬಲ್ (ಹಾರಬೇಕಾದ ವಿಳಾಸಗಳ ಪಟ್ಟಿ) ಕೂಡ ಫ್ಲ್ಯಾಶ್‌ನಲ್ಲಿ ಕೂತಿರಬಹುದು, ಅದನ್ನೂ ಮರೆಯಬಾರದು.

ಚಿಪ್ ಶುರುವಾದಾಗ ಮೊದಲು ಓಡುವ ಬೂಟ್‌ಲೋಡರ್‌ನಿಂದ ಮುಖ್ಯ ಪ್ರೋಗ್ರಾಂಗೆ ಹಾರುವ ಮುನ್ನ ಸ್ಟ್ಯಾಕ್ ಪಾಯಿಂಟರ್ (ಸ್ಟ್ಯಾಕ್‌ನ ತುದಿಯ ವಿಳಾಸ) ಬದಲಿಸುವ ಕೆಲಸವೂ ಇದೇ ಜಾತಿಯದು. ಅದನ್ನು ಸಾಮಾನ್ಯ ಫಂಕ್ಷನ್ ಆಗಿ ಬರೆದರೆ, ಮುಗಿಯುವಾಗ ಅದು ಹಳೆಯ ಲೆಕ್ಕದಲ್ಲೇ ಸ್ಟ್ಯಾಕ್ ಸರಿಪಡಿಸಲು ಹೋಗುತ್ತದೆ. ಆಗ ಒಂದೋ ನೀವು ಇಟ್ಟ ಹೊಸ ಬೆಲೆ ಸದ್ದಿಲ್ಲದೆ ರದ್ದಾಗುತ್ತದೆ, ಇಲ್ಲವೇ ಹೊಸ ಜಾಗದಿಂದ ಏನೋ ಕಸ ಪಾಪ್ ಆಗಿ ಪ್ರೋಗ್ರಾಂ ದಾರಿ ತಪ್ಪುತ್ತದೆ. ಆರ್ಮ್ ಕಂಪನಿಯೇ ಕೊಡುವ ಸಿಎಂಸಿಸ್ ಹೆಡರ್‌ಗಳಲ್ಲಿ ಈ ಫಂಕ್ಷನ್‌ಗೆ ಕಡ್ಡಾಯ ಇನ್‌ಲೈನ್ ಹಾಕಿರುವುದು ಸುಮ್ಮನೆ ಅಲ್ಲ. ನಮ್ಮನ್ನು ಕೇಳಿದರೆ ಸ್ಟ್ಯಾಕ್ ಬದಲಾವಣೆ ಮತ್ತು ಜಂಪ್ ಎರಡನ್ನೂ ಒಂದೇ ಅಸೆಂಬ್ಲಿ (ಯಂತ್ರದ ಸೂಚನೆಗಳನ್ನೇ ನೇರ ಬರೆಯುವ) ತುಣುಕಿನಲ್ಲಿ ಬರೆಯುವುದು ಇನ್ನೂ ಕ್ಷೇಮ, ಏಕೆಂದರೆ ಸ್ಟ್ಯಾಕ್ ಮೇಲಿದ್ದ ಲೋಕಲ್ ವೇರಿಯಬಲ್‌ನಿಂದ ಜಂಪ್ ವಿಳಾಸ ಓದುವ ಅಪಾಯವೂ ಆಗ ಇರುವುದಿಲ್ಲ.

ಇನ್‌ಲೈನ್ ಮಾಡಿದ್ದರಿಂದಲೇ ಕೆಡುವ ಕೋಡ್ ಒಂದಿದೆ. ಪುಸ್ತಕಗಳಲ್ಲಿ ಇದರ ಬಗ್ಗೆ ಬರೆದದ್ದು ಕಡಿಮೆ. ಮೇನ್ ಲೂಪ್ ‘ಹೊಸ ಅಳತೆ ಬಂತು’ ಎಂಬ ಗ್ಲೋಬಲ್ ಫ್ಲ್ಯಾಗ್‌ಗಾಗಿ ಕಾಯುತ್ತಿದೆ, ಫ್ಲ್ಯಾಗ್ ಏರಿಸುವುದು ಎಡಿಸಿ ಇಂಟರಪ್ಟ್. ಕಾಯುವ ಲೂಪ್ ಒಳಗೆ ವಾಚ್‌ಡಾಗ್ (ಕಾಲಕಾಲಕ್ಕೆ ರೀಸೆಟ್ ಮಾಡದಿದ್ದರೆ ಚಿಪ್ಪನ್ನೇ ಮರುಶುರು ಮಾಡುವ ಟೈಮರ್) ರೀಸೆಟ್ ಮಾಡುವ ಫಂಕ್ಷನ್ ಇದೆ, ಅದು ಬೇರೆ ಫೈಲ್‌ನಲ್ಲಿದೆ. ಫ್ಲ್ಯಾಗ್‌ಗೆ ‘ವೋಲಟೈಲ್’ (ಈ ಬೆಲೆ ಹೊರಗಿಂದ ಬದಲಾಗಬಹುದು, ಪ್ರತಿ ಸಲ ಮೆಮೊರಿಯಿಂದಲೇ ಓದು ಎಂಬ ಗುರುತು) ಹಾಕಿಲ್ಲ. ಆದರೂ ಪ್ರೋಗ್ರಾಂ ವರ್ಷಗಟ್ಟಲೆ ಸರಿಯಾಗಿ ಓಡಬಹುದು. ಒಳಗೇನಿದೆ ಎಂದು ಕಾಣದ ಆ ಫಂಕ್ಷನ್ ಫ್ಲ್ಯಾಗನ್ನು ಬದಲಿಸಬಹುದೆಂಬ ಅನುಮಾನದಿಂದ ಕಂಪೈಲರ್ ಪ್ರತಿ ಸುತ್ತಿಗೂ ಅದನ್ನು ಮೆಮೊರಿಯಿಂದ ಓದುತ್ತಿರುತ್ತದೆ. ಈಗ ವೇಗಕ್ಕೆಂದು ಆ ವಾಚ್‌ಡಾಗ್ ಫಂಕ್ಷನ್ ಅನ್ನು ಹೆಡರ್‌ಗೆ ತಂದು ಸ್ಟ್ಯಾಟಿಕ್ ಇನ್‌ಲೈನ್ ಮಾಡಿದಿರಿ. ಒಳಗಿರುವುದು ‘ಡಬ್ಲ್ಯುಡಿಆರ್’ ಎಂಬ ಒಂದೇ ಅಸೆಂಬ್ಲಿ ಸೂಚನೆ ಎಂದು ಕಂಪೈಲರ್‌ಗೆ ಕಾಣಿಸಿತು. ಫ್ಲ್ಯಾಗ್ ಬದಲಾಗಲು ಅದಕ್ಕೆ ಕಾರಣವೇ ಕಾಣುವುದಿಲ್ಲ. ಒಂದು ಸಲ ಓದಿ ರಿಜಿಸ್ಟರ್‌ನಲ್ಲಿಟ್ಟುಕೊಂಡು ಲೂಪ್‌ನಲ್ಲಿ ಸುತ್ತತೊಡಗುತ್ತದೆ. ಆ ಲೂಪ್ ಎಂದೂ ಮುಗಿಯುವುದಿಲ್ಲ. ಸುತ್ತುತ್ತಿರುವಾಗಲೂ ವಾಚ್‌ಡಾಗ್ ರೀಸೆಟ್ ಆಗುತ್ತಲೇ ಇರುವುದರಿಂದ ಅದು ಕೂಡ ಕಾಪಾಡುವುದಿಲ್ಲ. ಮೋಟರ್ ಆನ್ ಆಗಿದ್ದಾಗ ಹೀಗಾದರೆ ಡ್ರೈ ರನ್ ಗುರುತಿಸುವವರೇ ಇಲ್ಲ, ವೈಂಡಿಂಗ್ ಸುಡುವವರೆಗೂ ಪಂಪ್ ಓಡುತ್ತದೆ.

ಇಲ್ಲಿ ತಪ್ಪು ಇನ್‌ಲೈನ್‌ನದಲ್ಲ, ಮೊದಲಿಂದಲೂ ಇಲ್ಲದಿದ್ದ ವೋಲಟೈಲ್‌ನದು. ಅಡಗಿ ಕೂತಿದ್ದ ತಪ್ಪನ್ನು ಇನ್‌ಲೈನ್ ಹೊರಗೆ ತಂದಿತು. ಲಿಂಕ್ ಟೈಂ ಆಪ್ಟಿಮೈಸೇಶನ್ (ಎಲ್ಲ ಫೈಲ್‌ಗಳನ್ನು ಒಟ್ಟಿಗೆ ನೋಡಿ ಚುರುಕುಗೊಳಿಸುವ ಆಯ್ಕೆ) ಹಾಕಿದಾಗಲೂ ಇದೇ ಆಗಬಹುದು. ಆದ್ದರಿಂದ ಫಂಕ್ಷನ್‌ಗಳನ್ನು ಹೆಡರ್‌ಗೆ ಸರಿಸುವ ಮೊದಲು ಇಂಟರಪ್ಟ್ ಮತ್ತು ಮೇನ್ ಲೂಪ್ ಎರಡೂ ಮುಟ್ಟುವ ಪ್ರತಿ ವೇರಿಯಬಲ್ ಪಟ್ಟಿ ಮಾಡಿ ವೋಲಟೈಲ್ ಇದೆಯೇ ಎಂದು ನೋಡಿಕೊಳ್ಳಿ. ಇಂಟರಪ್ಟ್ ಆಫ್ ಮಾಡುವ ಇನ್‌ಲೈನ್ ಫಂಕ್ಷನ್ ಅನ್ನು ನೀವೇ ಬರೆಯುವುದಾದರೆ ಅಸೆಂಬ್ಲಿ ಸಾಲಿನ ಕ್ಲಾಬರ್ ಪಟ್ಟಿಯಲ್ಲಿ (ಆ ಸಾಲು ಏನೇನು ಬದಲಿಸಬಹುದು ಎಂಬ ಪಟ್ಟಿ) ‘ಮೆಮೊರಿ’ ಇರಲೇಬೇಕು, ಇಲ್ಲದಿದ್ದರೆ ರಕ್ಷಿಸಬೇಕಾದ ಓದು ಬರಹವನ್ನು ಕಂಪೈಲರ್ ಆ ಸಾಲಿನ ಆಚೆಗೆ ಸರಿಸಬಹುದು. ಎಣಿಸಿ ಕಾಯುವ ಖಾಲಿ ಡಿಲೇ ಲೂಪ್‌ಗಳಂತೂ ಆಪ್ಟಿಮೈಸೇಶನ್‌ನಲ್ಲಿ ಪೂರ್ತಿ ಅಳಿಸಿಹೋಗುತ್ತವೆ.

ಸ್ಟ್ಯಾಕ್ ವಿಷಯದಲ್ಲೂ ಒಂದು ಎಚ್ಚರಿಕೆ. ಮೊಬೈಲ್ ಸ್ಟಾರ್ಟರ್ ಎಸ್‌ಎಂಎಸ್ ಕಳಿಸುತ್ತದೆ, ಅದಕ್ಕೆ 160 ಅಕ್ಷರ ಮತ್ತು ಕೊನೆಯ ಸೊನ್ನೆ ಸೇರಿ 161 ಬೈಟ್‌ನ ಲೋಕಲ್ ಬಫರ್ ಬೇಕು. ಸಂದೇಶ ಕಟ್ಟುವ ಫಂಕ್ಷನ್ ಒಂದೇ ಕಡೆ ಕಾಲ್ ಆಗುವುದರಿಂದ ಕಂಪೈಲರ್ ಅದನ್ನು ಮೇಲಿನ ಫಂಕ್ಷನ್ ಒಳಗೆ ಸೇರಿಸುತ್ತದೆ. ಆಗ ಬಫರ್ ಮೇಲಿನ ಫಂಕ್ಷನ್‌ನ ಫ್ರೇಂನ (ಸ್ಟ್ಯಾಕ್‌ನಲ್ಲಿ ಅದರ ಪಾಲಿನ ಜಾಗ) ಭಾಗವಾಗುತ್ತದೆ. ಎಸ್‌ಎಂಎಸ್ ಕಳಿಸದೆ ಬೇರೆ ಆಳವಾದ ಕಾಲ್‌ಗಳಿಗೆ ಇಳಿದಾಗಲೂ ಆ 161 ಬೈಟ್ ಹಿಡಿದಿಟ್ಟಿರುತ್ತದೆ. 2048 ಬೈಟ್ ರ‍್ಯಾಮ್‌ನಲ್ಲಿ ಗ್ಲೋಬಲ್‌ಗಳಿಗೆ ಹೋಗಿ ಉಳಿದ ಸ್ಟ್ಯಾಕ್‌ಗೆ ಇದು ದೊಡ್ಡ ಹೊರೆ. ಅಂಥ ಫಂಕ್ಷನ್‌ಗೆ ‘ನೋಇನ್‌ಲೈನ್’ ಆಟ್ರಿಬ್ಯೂಟ್ ಕೊಡಿ. ಜಿಸಿಸಿಯ ‘ಸ್ಟ್ಯಾಕ್ ಯೂಸೇಜ್’ ಆಯ್ಕೆ ಹಾಕಿ ಕಂಪೈಲ್ ಮಾಡಿದರೆ ಪ್ರತಿ ಫಂಕ್ಷನ್ ಎಷ್ಟು ಬೈಟ್ ಬಳಸುತ್ತದೆ ಎಂಬ ಫೈಲ್ ಸಿಗುತ್ತದೆ. ನೋಇನ್‌ಲೈನ್ ಮೊದಲು ಮತ್ತು ನಂತರ ಆ ಫೈಲ್ ಹೋಲಿಸಿ ನೋಡಿ.

ಕಂಪೈಲ್ ಆದ ಫೈಲ್‌ಗಳನ್ನು ಜೋಡಿಸಿ ಒಂದು ಪ್ರೋಗ್ರಾಂ ಮಾಡುವ ಲಿಂಕರ್ ಕೊಡುವ ತೊಂದರೆ ಎಲ್ಲರಿಗೂ ಒಮ್ಮೆಯಾದರೂ ಎದುರಾಗುತ್ತದೆ. ಹೆಡರ್‌ನಲ್ಲಿ ಸ್ಟ್ಯಾಟಿಕ್ ಇಲ್ಲದೆ ಬರೀ ಇನ್‌ಲೈನ್ ಬರೆದರೆ ‘-ಓ2’ದಲ್ಲಿ ಬಿಲ್ಡ್ ಆಗುವ ಪ್ರೋಗ್ರಾಂ ‘-ಓ0’ದಲ್ಲಿ ‘ಅನ್‌ಡಿಫೈನ್ಡ್ ರೆಫರೆನ್ಸ್’ ಎಂದು ನಿಲ್ಲುತ್ತದೆ. ಸಿ99ರ ಪ್ರಕಾರ ಆ ಹೆಡರ್ ಸಾಲುಗಳಿಂದ ಲಿಂಕರ್‌ಗೆ ಸಿಗುವಂಥ ಪ್ರತಿ ಹುಟ್ಟುವುದಿಲ್ಲ. ಹೆಡರ್‌ನಲ್ಲಿ ಸ್ಟ್ಯಾಟಿಕ್ ಇನ್‌ಲೈನ್ ಬರೆಯುವುದು ಸುಲಭ ಪರಿಹಾರ. ಎಲ್ಲರಿಗೂ ಒಂದೇ ಪ್ರತಿ ಬೇಕಿದ್ದರೆ ಒಂದೇ ಒಂದು ಸಿ ಫೈಲ್‌ನಲ್ಲಿ ‘ಎಕ್ಸ್‌ಟರ್ನ್ ಇನ್‌ಲೈನ್’ ಡಿಕ್ಲರೇಶನ್ ಹಾಕಬೇಕು. ಹಳೆಯ ಜಿಸಿಸಿಯಲ್ಲಿ ಬರೀ ಇನ್‌ಲೈನ್ ಮತ್ತು ಎಕ್ಸ್‌ಟರ್ನ್ ಇನ್‌ಲೈನ್, ಈ ಎರಡರ ಅರ್ಥ ಅದಲು ಬದಲಾಗಿತ್ತು. 2015ರ ಜಿಸಿಸಿ 5ರಿಂದ ಮಾನಕದ ಅರ್ಥವೇ ಡೀಫಾಲ್ಟ್ ಆಯಿತು. ಹಳೆಯ ಪ್ರಾಜೆಕ್ಟ್ ಹೊಸ ಟೂಲ್‌ಚೈನ್‌ಗೆ ತಂದಾಗ ‘ಮಲ್ಟಿಪಲ್ ಡೆಫಿನಿಶನ್’ ಸಾಲು ಸಾಲಾಗಿ ಬಂದರೆ ಮೊದಲು ಇದನ್ನೇ ಅನುಮಾನಿಸಿ. ವಾಹನ, ವೈದ್ಯಕೀಯ ಉಪಕರಣಗಳ ಕೋಡ್‌ಗೆ ಬಳಸುವ ಮಿಸ್ರಾ ಸಿ 2012 ಎಂಬ ನಿಯಮಾವಳಿಯ 8.10ನೇ ನಿಯಮ ಇನ್‌ಲೈನ್ ಫಂಕ್ಷನ್ ಸ್ಟ್ಯಾಟಿಕ್ ಆಗಿಯೇ ಇರಬೇಕು ಎನ್ನುತ್ತದೆ. ಒಂದು ಮಾತು ಮಾತ್ರ ನೆನಪಿರಲಿ: ಹೆಡರ್‌ನ ಸ್ಟ್ಯಾಟಿಕ್ ಇನ್‌ಲೈನ್ ಫಂಕ್ಷನ್ ಒಳಗೆ ಸ್ಟ್ಯಾಟಿಕ್ ಕೌಂಟರ್ ಇಡಬೇಡಿ. ಆರು ಸಿ ಫೈಲ್‌ಗಳು ಅದನ್ನು ಬಳಸಿದರೆ ಆರು ಬೇರೆ ಬೇರೆ ಕೌಂಟರ್‌ಗಳಾಗುತ್ತವೆ, ಯಾವುದರಲ್ಲೂ ಸರಿಯಾದ ಎಣಿಕೆ ಇರುವುದಿಲ್ಲ.

ಮ್ಯಾಕ್ರೋ (ಕಂಪೈಲ್‌ಗೆ ಮುನ್ನ ಪಠ್ಯವಾಗಿಯೇ ಬದಲಿಯಾಗುವ ಹೆಸರು) ಬದಲು ಇನ್‌ಲೈನ್ ಬಳಸಿ ಎಂಬ ಸಾಮಾನ್ಯ ಸಲಹೆಯನ್ನು ನಾವು ಮನಸಾರೆ ಒಪ್ಪುತ್ತೇವೆ. ಎಟಿಮೆಗಾ328ಪಿಯ ಸೀರಿಯಲ್ ಪೋರ್ಟ್‌ನ ಡೇಟಾ ರಿಜಿಸ್ಟರ್ ಯುಡಿಆರ್0 ಹಿಂದೆ ಎರಡು ಬೈಟ್‌ನ ಸರತಿ ಇದೆ. ಪ್ರತಿ ಓದಿಗೂ ಸರತಿ ಒಂದು ಹೆಜ್ಜೆ ಮುಂದೆ ಸರಿಯುತ್ತದೆ. ಆರ್ಗ್ಯುಮೆಂಟನ್ನು ಎರಡು ಸಲ ಹೆಸರಿಸುವ ‘ಮಿನ್’ (ಎರಡರಲ್ಲಿ ಚಿಕ್ಕದನ್ನು ಆರಿಸುವ) ಮ್ಯಾಕ್ರೋಗೆ ಈ ರಿಜಿಸ್ಟರ್ ಕೊಟ್ಟರೆ ಹೋಲಿಕೆಗೆ ಒಂದು ಬೈಟ್, ಉತ್ತರಕ್ಕೆ ಮುಂದಿನ ಬೈಟ್ ಬರಬಹುದು. ಮೊಡೆಮ್‌ನಿಂದ ಬಂದ ಸಂದೇಶದಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ಕಾಣೆಯಾಗುವ ದೂರುಗಳಿಗೆ ಇದೂ ಒಂದು ಕಾರಣ. ಇನ್‌ಲೈನ್ ಫಂಕ್ಷನ್ ಆರ್ಗ್ಯುಮೆಂಟನ್ನು ಒಂದೇ ಸಲ ಓದುತ್ತದೆ, ಟೈಪ್ ಕೂಡ ಪರೀಕ್ಷಿಸುತ್ತದೆ.

ಲ್ಯಾಬ್ ನಡೆಸುವ ಉಪನ್ಯಾಸಕರಲ್ಲಿ ನಮ್ಮ ವಿನಂತಿ ಇಷ್ಟೇ. ಇನ್‌ಲೈನ್ ಪ್ರಯೋಗಕ್ಕೆ ಒಂದೇ ಪ್ರೋಗ್ರಾಂ ಅನ್ನು ‘-ಓ0’, ‘-ಓಎಸ್’, ‘-ಓ2’ ಮೂರರಲ್ಲೂ ಬಿಲ್ಡ್ ಮಾಡಿಸಿ. ‘ಸೈಜ್’ ಟೂಲ್ ಕೊಟ್ಟ ಗಾತ್ರ ಬರೆಸಿ, ‘ಆಬ್ಜ್‌ಡಂಪ್’ ಟೂಲ್‌ನಿಂದ ಅಸೆಂಬ್ಲಿ ತೆಗೆಸಿ, ಇನ್‌ಲೈನ್ ಎಂದು ಬರೆದ ಫಂಕ್ಷನ್‌ಗೆ ಕಾಲ್ ಉಳಿದಿದೆಯೇ ಎಂದು ಅವರೇ ಹುಡುಕಲಿ. ‘ಡಬ್ಲ್ಯು ಇನ್‌ಲೈನ್’ ಎಚ್ಚರಿಕೆ ಆಯ್ಕೆ ಹಾಕಿದರೆ ಕಂಪೈಲರ್ ಯಾವುದನ್ನು ಸೇರಿಸಲಿಲ್ಲ, ಏಕೆ ಎಂದೂ ಹೇಳುತ್ತದೆ. ಸಮಯ ಅಳೆಯಲು ಫಂಕ್ಷನ್ ಮೊದಲು ಒಂದು ಪಿನ್ ಏರಿಸಿ ನಂತರ ಇಳಿಸಿದರೆ ಆಸಿಲೋಸ್ಕೋಪ್‌ನಲ್ಲಿ ಅಗಲ ಕಾಣುತ್ತದೆ. ಕಾರ್ಟೆಕ್ಸ್-ಎಂ3, ಎಂ4 ಬೋರ್ಡ್ ಇದ್ದರೆ ಒಳಗಿರುವ ಸೈಕಲ್ ಕೌಂಟರ್ ಸಾಕು. ವೈವಾದಲ್ಲಿ ‘ಇನ್‌ಲೈನ್‌ನ ಉಪಯೋಗವೇನು’ ಎನ್ನುವ ಬದಲು, ವಿದ್ಯಾರ್ಥಿ ತಂದ ಅಸೆಂಬ್ಲಿ ಹಾಳೆಯ ಮೇಲೆ ಬೆರಳಿಟ್ಟು ‘ಈ ಪುಶ್‌ಗಳು ಇಲ್ಲಿ ಏಕೆ ಬಂದವು’ ಎಂದು ಕೇಳಿ.

ಇತಿ,
ಎಂಬೆಡೆಡ್ ಸಿ ಬರೆಯುವ ಮತ್ತು ಕಲಿಸುವ ಕೆಲವರು
ತುಮಕೂರು